ಕೇಳಿ, ಹೇಳ್ತೀವಿ: ಹಳೇ ಮಾದರಿಯ ಗೇಮ್‌ಪ್ಯಾಡು, ಮನೆಯ ಕಂಪ್ಯೂಟರು

ಈ ಸಲ ಬಂದ ಪತ್ರಗಳಲ್ಲಿ ತುಂಬಾ ಜನ ಒಂದೇ ವಸ್ತುವಿನ ಬಗ್ಗೆ ಕೇಳಿದ್ದಾರೆ. ಮೂವತ್ತು ನಲವತ್ತು ವರ್ಷ ಹಿಂದಿನ ವಿಡಿಯೋ ಗೇಮ್ ಪೆಟ್ಟಿಗೆಗಳ ಕಂಟ್ರೋಲರ್ ಥರಾನೇ ಕಾಣುವ, ಕಡಿಮೆ ಬೆಲೆಗೆ ಸಿಗುವ ಯುಎಸ್‌ಬಿ ಗೇಮ್‌ಪ್ಯಾಡ್. ಎಡಗಡೆ ಪ್ಲಸ್ ಗುರುತಿನ ಬಟನ್, ಬಲಗಡೆ ಎರಡೋ ನಾಲ್ಕೋ ಗುಂಡು ಬಟನ್, ನಡುವೆ ಸ್ಟಾರ್ಟ್, ಸೆಲೆಕ್ಟ್. ಅಷ್ಟೇ. ನನಗೆ ಈ ವಸ್ತುವಿನ ಮೇಲೆ ನಿಜವಾಗಿ ಪ್ರೀತಿ ಇದೆ, ಆದ್ದರಿಂದ ಇಡೀ ಅಂಕಣವನ್ನು ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಪ್ಯಾಡ್ ಚುಚ್ಚಿದಾಗ ಕಂಪ್ಯೂಟರ್ ಶಬ್ದ ಮಾಡುತ್ತೆ, ಪ್ಯಾಡನ್ನ ಗುರುತಿಸಿದ ಹಾಗೇ ಕಾಣುತ್ತೆ. ಆದರೆ ಗೇಮ್ ಒಳಗೆ ಹೋದರೆ ಒಂದು ಬಟನ್ನೂ ಕೆಲಸ ಮಾಡಲ್ಲ. ಪ್ಯಾಡ್ ಕೆಟ್ಟಿದೆ ಅಂತ ವಾಪಸ್ ಕೊಡಲಾ?

ಉತ್ತರ: ಕೊಡಬೇಡಿ, ಐದು ನಿಮಿಷ ತಾಳಿ. ಮೊದಲು ನೋಡಬೇಕಾದದ್ದು ಗೇಮ್ ಅಲ್ಲ, ಕಂಪ್ಯೂಟರಿಗೆ ಏನು ಕಾಣ್ತಿದೆ ಅನ್ನೋದು. ವಿಂಡೋಸ್ ಇದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಒಂದು ಚಿಕ್ಕ ಡಬ್ಬಿ ಬರುತ್ತೆ. ಅದರಲ್ಲಿ ಜೆ, ಓ, ವೈ, ಒಂದು ಚುಕ್ಕೆ, ಆಮೇಲೆ ಸಿ, ಪಿ, ಎಲ್ ಅಂತ ಇಂಗ್ಲಿಷಿನಲ್ಲಿ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಗೇಮ್ ಕಂಟ್ರೋಲರ್‌ಗಳ ಪಟ್ಟಿ ತೆರೆದುಕೊಳ್ಳುತ್ತೆ. ನಿಮ್ಮ ಪ್ಯಾಡ್ ಅಲ್ಲಿ 'ಯುಎಸ್‌ಬಿ ಗೇಮ್‌ಪ್ಯಾಡ್' ಅಂತಲೋ 'ಜೆನರಿಕ್ ಯುಎಸ್‌ಬಿ ಜಾಯ್‌ಸ್ಟಿಕ್' ಅಂತಲೋ ಇರಬಹುದು, ಡಬ್ಬದ ಮೇಲಿನ ಹೆಸರೇ ಇರಬೇಕು ಅಂತೇನಿಲ್ಲ. ಅದನ್ನು ಆರಿಸಿ ಪ್ರಾಪರ್ಟೀಸ್ ಒತ್ತಿ.

ಈಗ ಒಂದು ಚೌಕದೊಳಗೆ ಸಣ್ಣ ಪ್ಲಸ್ ಗುರುತು, ಪಕ್ಕದಲ್ಲಿ ನಂಬರ್ ಇರುವ ದುಂಡು ದೀಪಗಳು ಕಾಣುತ್ತವೆ. ಪ್ಯಾಡಿನ ಎಡ ಒತ್ತಿ, ಪ್ಲಸ್ ಗುರುತು ಚೌಕದ ಎಡ ಅಂಚಿಗೆ ಹಾರಬೇಕು. ಬಿಟ್ಟರೆ ನಡುವಿಗೆ ವಾಪಸ್ ಬರಬೇಕು. ಪ್ರತಿ ಬಟನ್ನಿಗೂ ಒಂದೊಂದು ದೀಪ ಹೊತ್ತಬೇಕು. ಇಷ್ಟೂ ಆದರೆ ನಿಮ್ಮ ಪ್ಯಾಡ್ ಗಟ್ಟಿಮುಟ್ಟಾಗಿದೆ, ತೊಂದರೆ ಬೇರೆ ಕಡೆ ಇದೆ. ಲಿನಕ್ಸ್ ಇರುವವರು ಇದೇ ಪರೀಕ್ಷೆಯನ್ನು ಜೆಎಸ್‌ಟೆಸ್ಟ್ ಅಥವಾ ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಮಾಡಬಹುದು.

ಹಾಗಾದರೆ ತೊಂದರೆ ಎಲ್ಲಿ? ಭಾಷೆಯಲ್ಲಿ. ವಿಂಡೋಸಿನಲ್ಲಿ ಗೇಮ್‌ಗಳು ಕಂಟ್ರೋಲರ್ ಜೊತೆ ಮಾತಾಡೋಕೆ ಮುಖ್ಯವಾಗಿ ಎರಡು ದಾರಿ ಇವೆ. ಹಳೆಯದು ಡೈರೆಕ್ಟ್‌ಇನ್‌ಪುಟ್. ಇದರಲ್ಲಿ ಪ್ಯಾಡ್ 'ನನ್ನ ಹತ್ತಿರ ಹತ್ತು ಬಟನ್ ಇವೆ, 1ನೇದು, 2ನೇದು' ಅಂತ ಹೇಳುತ್ತೆ ಹೊರತು ಯಾವುದು 'ಎ', ಯಾವುದು 'ಬಿ' ಅಂತ ಹೇಳಲ್ಲ. ಇನ್ನೊಂದು ಎಕ್ಸ್‌ಇನ್‌ಪುಟ್, 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಪೆಟ್ಟಿಗೆ ಬಂದ ಕಾಲದ್ದು. ಇದರಲ್ಲಿ ಪ್ರತಿ ಬಟನ್ನಿಗೂ ಮೊದಲೇ ಹೆಸರು, ಜಾಗ ಎರಡೂ ಗೊತ್ತಿರುತ್ತೆ. ಆಮೇಲೆ ಬಂದ ಎಷ್ಟೋ ಗೇಮ್‌ಗಳು ಎಕ್ಸ್‌ಇನ್‌ಪುಟ್ ಮಾತ್ರ ಕೇಳಿಸಿಕೊಳ್ಳುತ್ತವೆ. ಕಡಿಮೆ ಬೆಲೆಯ ಹಳೇ ಮಾದರಿ ಪ್ಯಾಡ್‌ಗಳು ಸಾಮಾನ್ಯವಾಗಿ ಹಳೇ ಭಾಷೆ ಮಾತ್ರ ಆಡುತ್ತವೆ. ಪ್ಯಾಡ್ ಕೂಗ್ತಾನೇ ಇದೆ, ಗೇಮಿಗೆ ಅರ್ಥವಾಗ್ತಿಲ್ಲ, ಅಷ್ಟೇ.

ಮಧ್ಯೆ ಒಬ್ಬ ದುಭಾಷಿ ಬೇಕು. ಗೇಮ್ ಕೊಂಡು ಆಡುವ ಸ್ಟೀಮ್ ಎಂಬ ಪ್ರೋಗ್ರಾಂ ಬಳಸುವವರಾದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಭಾಗಕ್ಕೆ ಹೋಗಿ, ಸಾಮಾನ್ಯ ಕಂಟ್ರೋಲರ್‌ಗಳಿಗೆ ಸ್ಟೀಮ್ ಇನ್‌ಪುಟ್ ಬಳಸುವ ಆಯ್ಕೆಯನ್ನು ಆನ್ ಮಾಡಿ. ಅದು 'ಎ ಒತ್ತಿ, ಬಿ ಒತ್ತಿ' ಅಂತ ಒಂದೊಂದಾಗಿ ಕೇಳುತ್ತೆ, ಒತ್ತುತ್ತಾ ಹೋಗಿ. ನಿಮ್ಮ ಪ್ಯಾಡಿನಲ್ಲಿ ಇಲ್ಲದ್ದನ್ನು ಕೇಳಿದರೆ ಬಿಟ್ಟು ಮುಂದೆ ಹೋಗಬಹುದು. ಸ್ಟೀಮಿನದ್ದಲ್ಲದ ಗೇಮನ್ನೂ ಅದರ ಲೈಬ್ರರಿಗೆ ಸೇರಿಸಿ ಅಲ್ಲಿಂದಲೇ ಶುರು ಮಾಡಿದರೆ ಇದೇ ಉಪಾಯ ಬಹಳ ಸಲ ನಡೆಯುತ್ತೆ. ಸ್ಟೀಮ್ ಬೇಡ ಅನ್ನುವವರಿಗೆ ಎಕ್ಸ್360ಸಿಇ ಅಂತ ಒಂದು ಪ್ರೋಗ್ರಾಂ ಇದೆ, ಅದೂ ಇದೇ ಕೆಲಸ ಮಾಡುತ್ತೆ.

ಒಂದು ಮಾತು ಮಾತ್ರ ನೇರವಾಗಿ ಹೇಳಿಬಿಡ್ತೀನಿ. ಹೆಬ್ಬೆರಳಿನಿಂದ ಎಲ್ಲ ಕಡೆಗೂ ವಾಲಿಸುವ ಎರಡು ಕೋಲು (ಸ್ಟಿಕ್), ತೋರುಬೆರಳಿನಿಂದ ಒತ್ತುವ ಎರಡು ಟ್ರಿಗರ್ ಬೇಕಾದ ದೊಡ್ಡ ಮೂರು ಆಯಾಮದ ಗೇಮ್‌ಗಳನ್ನು ಈ ಪ್ಯಾಡಿನಲ್ಲಿ ಆಡಿಸೋಕೆ ಹೋಗಬೇಡಿ. ಯಾವ ದುಭಾಷಿಯೂ ಇಲ್ಲದ ಬಟನ್ ಹುಟ್ಟಿಸಲ್ಲ. ಪಕ್ಕಕ್ಕೆ ಓಡಿ ಹಾರುವ ಆಟ, ಗುದ್ದಾಟದ ಆಟ, ಪಜಲ್, ಇವು ಇದರ ಜಾಗ. ಅಲ್ಲಿ ದುಬಾರಿ ಪ್ಯಾಡಿಗಿಂತ ಇದೇ ಕೈಗೆ ಹಿತ ಅನ್ನಿಸುತ್ತೆ ನನಗೆ.

ಪ್ರಶ್ನೆ: ಪ್ಯಾಡ್ ಜೊತೆ ಒಂದು ಪುಟಾಣಿ ಸಿಡಿ ಬಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕೋ ಜಾಗಾನೇ ಇಲ್ಲ. ಡ್ರೈವರ್ ಎಲ್ಲಿಂದ ಇಳಿಸಿಕೊಳ್ಳಲಿ?

ಉತ್ತರ: ಎಲ್ಲಿಂದಲೂ ಬೇಡ. ಈ ಪ್ಯಾಡ್‌ಗಳು ಕೀಬೋರ್ಡ್, ಮೌಸ್ ಇರುವ ಎಚ್‌ಐಡಿ ಎಂಬ ಗುಂಪಿಗೇ ಸೇರಿದವು. ಅದಕ್ಕೆ ಬೇಕಾದ ಡ್ರೈವರ್, ಅಂದರೆ ಆ ವಸ್ತುವನ್ನು ನಡೆಸುವ ಪುಟ್ಟ ಪ್ರೋಗ್ರಾಂ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲಿಂದಲೇ ಇರುತ್ತೆ. ಸಿಡಿಯಲ್ಲಿ ಇರುವುದು ಹೆಚ್ಚಾಗಿ ನಡುಗುವ ಮೋಟಾರ್ ಇರುವ ಪ್ಯಾಡ್‌ಗಳಿಗೆ ಬೇಕಾದದ್ದು, ನಿಮ್ಮ ಪ್ಯಾಡಿನಲ್ಲಿ ಮೋಟಾರೇ ಇರಲ್ಲ. 'ಗೇಮ್‌ಪ್ಯಾಡ್ ಡ್ರೈವರ್' ಅಂತ ಹುಡುಕಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವುದು ಅಪಾಯದ ಕೆಲಸ. ದಯವಿಟ್ಟು ಬೇಡ.

ಪ್ರಶ್ನೆ: ನಾನು ಪ್ಯಾಡ್ ಮುಟ್ಟದೇ ಇದ್ದರೂ ಮೆನು ತಾನಾಗೇ ಮೇಲಕ್ಕೆ ಓಡ್ತಾ ಇರುತ್ತೆ. ಹೊಸ ಪ್ಯಾಡ್. ಏನಿದು?

ಉತ್ತರ: ಇದಕ್ಕೆ ಕಾರಣ ತಿಳಿದರೆ ನಿಮಗೇ ಖುಷಿಯಾಗುತ್ತೆ. ಪ್ಲಸ್ ಬಟನ್ನಿಗೆ ಒತ್ತಿದೆ, ಒತ್ತಿಲ್ಲ ಅನ್ನುವ ಎರಡೇ ಸ್ಥಿತಿ. ಆದರೆ ಇಂಥ ಪ್ಯಾಡ್‌ಗಳಲ್ಲಿ ಬಹಳಷ್ಟು ಅದನ್ನು ಕಂಪ್ಯೂಟರಿಗೆ ಕೋಲಿನ ಲೆಕ್ಕದಲ್ಲಿ ಹೇಳುತ್ತವೆ. ಪೂರ್ತಿ ಎಡಕ್ಕೆ 0, ಪೂರ್ತಿ ಬಲಕ್ಕೆ 255, ಸುಮ್ನೆ ಇದ್ದಾಗ 127 ಅಥವಾ 128. 0ಯಿಂದ 255ರವರೆಗೆ ಎಣಿಸಿ ನೋಡಿ, ಸರಿಯಾಗಿ ನಡುವಿನ ಸಂಖ್ಯೆ ಅಂತ ಒಂದು ಇಲ್ಲ, ಅದು 127.5 ಆಗುತ್ತೆ. ಹಾಗಾಗಿ ಸುಮ್ನೆ ಕೂತ ಪ್ಯಾಡ್ ಕೂಡ ಕೂದಲೆಳೆಯಷ್ಟು ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತೆ. ಒಳ್ಳೆಯ ಗೇಮ್ ಇಷ್ಟು ಸಣ್ಣದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಆ ಬಿಟ್ಟುಬಿಡುವ ಜಾಗಕ್ಕೆ ಡೆಡ್ ಝೋನ್ ಅಂತಾರೆ. ಕೆಲವು ಗೇಮ್‌ಗಳಲ್ಲಿ ಅದು ಇರಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೆಡ್ ಝೋನ್ ಸಿಕ್ಕರೆ ಸ್ವಲ್ಪ ಜಾಸ್ತಿ ಮಾಡಿ.

ಆದರೂ ನಿಲ್ಲದಿದ್ದರೆ ಎರಡನೇ ಕಾರಣ ನೋಡಿ. ಒಳಗಿನ ಚಿಪ್ ಹಲವು ಬಗೆಯ ಪ್ಯಾಡಿಗೆ ಅಂತ ಮಾಡಿದ್ದು, ಎರಡು ಕೋಲು ಇರುವ ಪ್ಯಾಡಿಗೂ ಅದೇ ಹಾಕಿರುತ್ತಾರೆ. ಆದ್ದರಿಂದ ನಿಮ್ಮ ಪ್ಯಾಡಿನಲ್ಲಿ ಇಲ್ಲವೇ ಇಲ್ಲದ ಎರಡನೇ ಕೋಲಿನ ಬಗ್ಗೆಯೂ ಅದು ಏನೋ ಒಂದು ಸಂಖ್ಯೆ ಕಳಿಸ್ತಾ ಇರಬಹುದು. ಆ ಸಂಖ್ಯೆ ಒಂದು ತುದಿಯದ್ದಾದರೆ, ಯಾರೋ ಆ ಕೋಲನ್ನು ಸದಾ ಮೇಲಕ್ಕೆ ಒತ್ತಿ ಹಿಡಿದಿದ್ದಾರೆ ಅಂದುಕೊಳ್ಳುತ್ತೆ ಗೇಮ್. ಮೊದಲು ಹೇಳಿದ ಪ್ರಾಪರ್ಟೀಸ್ ಕಿಟಕಿಯಲ್ಲೇ ಇದು ಕಾಣುತ್ತೆ, ಕೋಲುಗಳನ್ನು ತೋರಿಸುವ ಬಾರ್‌ಗಳಲ್ಲಿ ಯಾವುದೋ ಒಂದು ತುದಿಗೆ ಹೋಗಿ ಅಲ್ಲೇ ನಿಂತಿರುತ್ತೆ. ಗೇಮಿನ ಕಂಟ್ರೋಲ್ ಸೆಟ್ಟಿಂಗ್ಸ್‌ನಲ್ಲಿ ಬಲಗಡೆ ಕೋಲಿಗೆ ಕೊಟ್ಟಿರುವುದನ್ನೆಲ್ಲ ಅಳಿಸಿ, ಸರಿಹೋಗುತ್ತೆ.

ಇನ್ನೊಂದು: ಮುಂಚೆ ಯಾವಾಗಲೋ ಕ್ಯಾಲಿಬ್ರೇಟ್ (ನಡು, ತುದಿ ಹೊಂದಿಸುವ ಬಟನ್) ಒತ್ತಿ ಅರ್ಧಕ್ಕೆ ಬಿಟ್ಟಿದ್ದರೂ ಹೀಗಾಗಬಹುದು. ಅದೇ ಕಿಟಕಿಯಲ್ಲಿ ಸೆಟ್ಟಿಂಗ್ಸ್ ಪುಟಕ್ಕೆ ಹೋದರೆ ಮೊದಲಿನಂತೆ ಮಾಡುವ ಬಟನ್ ಇದೆ, ರಿಸೆಟ್ ಅಂತ ಶುರುವಾಗುತ್ತೆ.

ಪ್ರಶ್ನೆ: ಎಡಕ್ಕೆ ಓಡಿಸಿದರೆ ಆಟದ ಹುಡುಗ ಮಧ್ಯ ಮಧ್ಯ ಕೂತುಬಿಡ್ತಾನೆ. ಗುದ್ದಾಟದ ಆಟದಲ್ಲಂತೂ ಸುಮ್ಮಸುಮ್ಮನೆ ಹಾರ್ತಾನೆ. ನನ್ನ ಕೈಯದ್ದೇ ತಪ್ಪಾ?

ಉತ್ತರ: ಕೈಯದ್ದಲ್ಲ. ಕಡಿಮೆ ಬೆಲೆಯ ಪ್ಯಾಡಿನಲ್ಲಿ ನಿಜವಾದ ದೋಷ ಅಂತ ಇದ್ದರೆ ಅದು ಇದೇ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ಲಸ್ ಬಟನ್ ಈಗಿನ ರೂಪಕ್ಕೆ ಬಂದದ್ದು 1982ರಲ್ಲಿ, ಜಪಾನಿನ ಗೇಮ್ ಕಂಪನಿ ನಿಂಟೆಂಡೋದ ಗುನ್‌ಪೇ ಯೋಕೋಯಿ ಅವರು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ಗೇಮ್ ಯಂತ್ರಕ್ಕೆ ಅಂತ ಮಾಡಿದ್ದು. ಆಮೇಲೆ 1983ರಲ್ಲಿ ಅದೇ ಕಂಪನಿಯ ಫ್ಯಾಮಿಕಾಮ್ ಎಂಬ ಗೇಮ್ ಪೆಟ್ಟಿಗೆಯ ಕಂಟ್ರೋಲರಿನಲ್ಲಿ ಬಂತು, ಅಲ್ಲಿಂದ ಮುಂದೆ ಎಲ್ಲರ ಪ್ಯಾಡಿಗೂ ಬಂತು. ಅದರ ಜಾಣತನ ಇರೋದು ನಡುವಿನ ಉಬ್ಬಿನಲ್ಲಿ. ಪ್ಲಸ್ಸಿನ ಕೆಳಗೆ ಮಧ್ಯದಲ್ಲಿ ಒಂದು ಉಬ್ಬು, ಅದರ ಮೇಲೆ ಪ್ಲಸ್ ಏತದ ಹಲಗೆಯ ಹಾಗೆ ಆಡುತ್ತೆ. ಎಡ ತಗ್ಗಿದರೆ ಬಲ ಏಳುತ್ತೆ, ಎದುರುಬದುರಿನ ಎರಡು ದಿಕ್ಕು ಒಟ್ಟಿಗೆ ಒತ್ತೋಕೇ ಆಗಲ್ಲ. ಅಗ್ಗದ ಪ್ಯಾಡಿನಲ್ಲಿ ಈ ಉಬ್ಬು ಸ್ವಲ್ಪ ಗಿಡ್ಡ ಆಗಿರುತ್ತೆ, ಇಲ್ಲ ರಬ್ಬರ್ ತುಂಬಾ ಮೆತ್ತಗಿರುತ್ತೆ. ಆಗ ಎಡ ಒತ್ತಿದರೆ ಪಕ್ಕದ ಕೆಳಗಿನದೂ ಸ್ವಲ್ಪ ತಗ್ಗಿ ತಾಗಿಬಿಡುತ್ತೆ. ನಿಮ್ಮ ಹುಡುಗ ಕೂತುಬಿಡೋದು ಅದಕ್ಕೇ.

ವಾಪಸ್ ಕೊಡುವ ಗಡುವು ಇನ್ನೂ ಇದ್ದರೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಬಿಚ್ಚೋಣ. ಪ್ಯಾಡನ್ನು ಕಂಪ್ಯೂಟರಿನಿಂದ ಕಿತ್ತು, ಒಂದು ಬಿಳಿ ಬಟ್ಟೆಯ ಮೇಲೆ ಮುಖ ಕೆಳಗೆ ಮಾಡಿ ಇಡಿ. ಬಿಳಿ ಬಟ್ಟೆ ಯಾಕೆ ಅಂದರೆ ಸಣ್ಣ ತಿರುಪು ಬಿದ್ದರೆ ಕಾಣುತ್ತೆ. ಹಿಂದಿನ ತಿರುಪುಗಳನ್ನೆಲ್ಲ ಸಣ್ಣ ನಕ್ಷತ್ರ ತಲೆಯ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಹಿಂಬದಿಯ ಮುಚ್ಚಳ ಮಾತ್ರ ಎತ್ತಿ. ಮುಖ ಕೆಳಗೇ ಇರಲಿ, ಇಲ್ಲದಿದ್ದರೆ ಬಟನ್‌ಗಳೆಲ್ಲ ಉದುರುತ್ತವೆ. ಒಳಗೆ ಒಂದು ಸರ್ಕ್ಯೂಟ್ ಬೋರ್ಡ್. ಅದನ್ನು ಮೆಲ್ಲಗೆ ಎತ್ತಿ ತಿರುಗಿಸಿ, ವೈರು ಎಳೆಯಬೇಡಿ. ಅದರ ಕೆಳಗೆ ಬೂದು ಅಥವಾ ಬಿಳಿ ರಬ್ಬರ್ ಹಾಳೆ ಇರುತ್ತೆ, ಪ್ರತಿ ಬಟನ್ನಿಗೂ ಒಂದು ಪುಟ್ಟ ಗುಮ್ಮಟ, ಗುಮ್ಮಟದ ಒಳಗೆ ಕಪ್ಪು ಇಂಗಾಲದ ಬಿಲ್ಲೆ. ಬೋರ್ಡಿನ ಮೇಲೆ ಅದಕ್ಕೆ ಸರಿಯಾಗಿ, ಎರಡು ಬಾಚಣಿಗೆಗಳ ಹಲ್ಲು ಒಂದರೊಳಗೊಂದು ಹೊಕ್ಕರೂ ಮುಟ್ಟದೇ ಇರುವ ಹಾಗೆ ಗೆರೆಗಳಿರುತ್ತವೆ. ಕಪ್ಪು ಬಿಲ್ಲೆ ಬಂದು ಆ ಹಲ್ಲುಗಳ ಮೇಲೆ ಕೂತರೆ ಕರೆಂಟ್ ದಾಟುತ್ತೆ. ಬಟನ್ ಅಂದರೆ ಇಷ್ಟೇ.

ಮೊದಲು ಕ್ಲೀನ್ ಮಾಡಿ. ಬೋರ್ಡಿನ ಗೆರೆಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ರಬ್ಬರಿನ ಕಪ್ಪು ಬಿಲ್ಲೆಗಳನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಸುಮ್ನೆ ತಟ್ಟಿ, ಉಜ್ಜಿದರೆ ಇಂಗಾಲ ಕಿತ್ತುಬರುತ್ತೆ.

ಆಮೇಲೆ ಅಂಟುಟೇಪು. ಸಾಮಾನ್ಯ ಪಾರದರ್ಶಕ ಟೇಪನ್ನು ಕತ್ತರಿಯಲ್ಲಿ ಎರಡು ಮಿಲಿಮೀಟರ್ ಅಗಲದ ಸಣ್ಣ ಎಳೆಗಳಾಗಿ ಕತ್ತರಿಸಿ. ಪ್ಲಸ್ ಬಟನ್ನಿನ ನಾಲ್ಕೂ ದಿಕ್ಕಿನ ಬಾಚಣಿಗೆ ಗುರುತುಗಳ ಮೇಲೆ, ಪ್ರತಿಯೊಂದರ ಅಂಚು ಸ್ವಲ್ಪ ಮಾತ್ರ ಮುಚ್ಚುವ ಹಾಗೆ ಒಂದೊಂದು ಎಳೆ ಅಂಟಿಸಿ. ಅರ್ಧಕ್ಕಿಂತ ಜಾಸ್ತಿ ಮುಚ್ಚಬೇಡಿ. ಈಗ ಬಿಲ್ಲೆ ಓರೆಯಾಗಿ ಸ್ವಲ್ಪ ತಾಗಿದರೆ ಟೇಪಿನ ಮೇಲೆ ಬೀಳುತ್ತೆ, ಕರೆಂಟ್ ದಾಟಲ್ಲ. ಬೇಕಂತಲೇ ಒತ್ತಿದಾಗ ಮಾತ್ರ ಪೂರ್ತಿ ಕೂರುತ್ತೆ. ಮುಚ್ಚಳ ಇಟ್ಟು, ತಿರುಪು ಎರಡು ಮಾತ್ರ ಹಾಕಿ, ಪರೀಕ್ಷೆ ಕಿಟಕಿಯಲ್ಲಿ ನೋಡಿ. ಹೆಬ್ಬೆರಳನ್ನು ಎಡದಲ್ಲಿಟ್ಟು ಸ್ವಲ್ಪ ಮೇಲೆ ಕೆಳಗೆ ಆಡಿಸಿ. ಗುರುತು ಎಡದ ಅಂಚಿನ ನಡುವಲ್ಲೇ ನಿಲ್ಲಬೇಕು, ಮೂಲೆಗೆ ಜಾರಬಾರದು. ಬೇಕಂತಲೇ ಮೂಲೆಗೆ ಒತ್ತಿದರೆ ಮೂಲೆಗೂ ಹೋಗಬೇಕು, ಹೋಗದಿದ್ದರೆ ಟೇಪ್ ಜಾಸ್ತಿಯಾಗಿದೆ, ತೆಳ್ಳಗೆ ಮಾಡಿ. ನನ್ನ ಒಂದು ಪ್ಯಾಡಿಗೆ ಮೂರು ಸಲ ಬಿಚ್ಚಿ ಹಾಕಿ ಮಾಡಬೇಕಾಯಿತು, ಮೂರನೇ ಸಲ ಕೂತದ್ದು ಇವತ್ತಿಗೂ ಅಲುಗಾಡಿಲ್ಲ.

ಪ್ರಶ್ನೆ: ಮಕ್ಕಳಿಬ್ಬರಿಗೂ ಒಂದೇ ಥರದ ಎರಡು ಪ್ಯಾಡ್ ತಂದೆ. ಪ್ರತಿ ಸಲ ಕಂಪ್ಯೂಟರ್ ಹಾಕಿದಾಗ ಅಕ್ಕನ ಪ್ಯಾಡ್ ತಮ್ಮನದಾಗುತ್ತೆ, ತಮ್ಮನದು ಅಕ್ಕನದಾಗುತ್ತೆ. ದಿನಾ ಜಗಳ.

ಉತ್ತರ: ಕಂಪ್ಯೂಟರಿಗೆ ಅವೆರಡೂ ಅವಳಿಜವಳಿ. ಪ್ರತಿ ಯುಎಸ್‌ಬಿ ವಸ್ತುವೂ ತಯಾರಕರ ಒಂದು ನಂಬರ್, ಮಾದರಿಯ ಒಂದು ನಂಬರ್ ಹೇಳುತ್ತೆ. ಬೇಕಾದರೆ ತನ್ನದೇ ಸೀರಿಯಲ್ ನಂಬರನ್ನೂ ಹೇಳಬಹುದು, ಆದರೆ ಅಗ್ಗದ ಪ್ಯಾಡ್‌ಗಳಲ್ಲಿ ಅದು ಸಾಮಾನ್ಯವಾಗಿ ಇರಲ್ಲ. ಹಾಗಾಗಿ ಯಾವುದು ಯಾರದು ಅಂತ ಗೊತ್ತಾಗೋದು ಯಾವ ತೂತಿಗೆ ಚುಚ್ಚಿದ್ದೀರಿ, ಯಾವುದನ್ನು ಮೊದಲು ಚುಚ್ಚಿದ್ದೀರಿ ಅನ್ನೋದರಿಂದ ಮಾತ್ರ. ಎರಡು ಪೋರ್ಟ್ ಗೊತ್ತು ಮಾಡಿ, ಪೋರ್ಟಿಗೂ ಪ್ಯಾಡಿನ ವೈರಿಗೂ ಒಂದೇ ಬಣ್ಣದ ಟೇಪ್ ಸುತ್ತಿ. ಗೇಮ್ ಶುರುವಾಗುವ ಮುಂಚೆ ಅಕ್ಕನದನ್ನು ಮೊದಲು ಚುಚ್ಚಿ, ಆಮೇಲೆ ತಮ್ಮನದು. ಹಳೇ ಯಂತ್ರಗಳ ಗೇಮ್ ಆಡಿಸುವ ರೆಟ್ರೋಆರ್ಕ್ ಎಂಬ ಪ್ರೋಗ್ರಾಂ ಬಳಸ್ತಿದ್ದರೆ ಇನ್‌ಪುಟ್ ಸೆಟ್ಟಿಂಗ್ಸ್‌ನಲ್ಲಿ ಪೋರ್ಟ್ 1ಕ್ಕೆ ಯಾವ ಪ್ಯಾಡ್, ಪೋರ್ಟ್ 2ಕ್ಕೆ ಯಾವ ಪ್ಯಾಡ್ ಅಂತ ಅದಲುಬದಲು ಮಾಡಬಹುದು, ವೈರ್ ಮುಟ್ಟೋದೇ ಬೇಡ.

ಅಂದಹಾಗೆ ಒಂದೇ ಕೀಬೋರ್ಡಿನಲ್ಲಿ ಇಬ್ಬರನ್ನೂ ಕೂರಿಸದೆ ಎರಡು ಪ್ಯಾಡ್ ತಂದದ್ದು ತುಂಬಾ ಒಳ್ಳೆಯದಾಯಿತು. ಸಾಮಾನ್ಯ ಕೀಬೋರ್ಡ್‌ಗಳಲ್ಲಿ ಕೆಲವು ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಒಂದು ಗೊತ್ತೇ ಆಗಲ್ಲ, ಆಗ ಒಬ್ಬರು ಸುಮ್ಮನೆ ಸೋಲುತ್ತಾರೆ.

ಪ್ರಶ್ನೆ: 'ಎ' ಒತ್ತಿದರೆ ಹಿಂದಕ್ಕೆ ಹೋಗುತ್ತೆ, 'ಬಿ' ಒತ್ತಿದರೆ ಸರಿ ಅನ್ನುತ್ತೆ. ಬಟನ್ ತಿರುಗಿಸಿ ಜೋಡಿಸಿದ್ದಾರಾ?

ಉತ್ತರ: ಜೋಡಣೆ ಸರಿಯಾಗಿಯೇ ಇದೆ. ನಿಂಟೆಂಡೋ ಪ್ಯಾಡ್‌ಗಳಲ್ಲಿ ಎ ಬಲಗಡೆ, ಬಿ ಅದರ ಎಡಕ್ಕೆ ಅಥವಾ ಕೆಳಕ್ಕೆ. ಎಕ್ಸ್‌ಬಾಕ್ಸ್‌ನಲ್ಲಿ ಎ ಕೆಳಗೆ, ಬಿ ಬಲಕ್ಕೆ. ನಿಮ್ಮ ಪ್ಯಾಡ್ ಮೊದಲನೆಯದರ ನಕಲು, ಗೇಮ್ ಎರಡನೆಯದರ ಲೆಕ್ಕದಲ್ಲಿ ಓದುತ್ತಿದೆ. ಬಟನ್ ಕೊಡುವ ಸೆಟ್ಟಿಂಗ್ಸ್‌ನಲ್ಲಿ ಒಂದು ಸಲ ಬದಲಾಯಿಸಿಬಿಡಿ.

ಪ್ರಶ್ನೆ: ಒತ್ತಿದ ಮೇಲೆ ಸ್ವಲ್ಪ ತಡವಾಗಿ ಹಾರುತ್ತೆ. ದುಬಾರಿ ಪ್ಯಾಡ್ ತಂದರೆ ಸರಿಹೋಗುತ್ತಾ? ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಆಡ್ತೀನಿ.

ಉತ್ತರ: ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಇಂಥ ಪ್ಯಾಡನ್ನು ಕಂಪ್ಯೂಟರ್ ಸುಮಾರು 8ರಿಂದ 10 ಮಿಲಿಸೆಕೆಂಡಿಗೊಮ್ಮೆ 'ಏನಾದರೂ ಒತ್ತಿದೆಯಾ' ಅಂತ ಕೇಳುತ್ತೆ. ಸೆಕೆಂಡಿಗೆ 60 ಚಿತ್ರ ಬರುವ ಆಟದಲ್ಲಿ ಒಂದು ಚಿತ್ರ ನಿಲ್ಲೋದೇ ಸುಮಾರು 16.7 ಮಿಲಿಸೆಕೆಂಡ್. ಅಂದರೆ ಪ್ಯಾಡಿನ ತಡ ಒಂದು ಚಿತ್ರಕ್ಕಿಂತ ಕಡಿಮೆ. ಟಿವಿ ಮಾತ್ರ ಚಿತ್ರವನ್ನು ಚೆಂದ ಮಾಡುವ ಕೆಲಸಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ತಗೊಳ್ಳಬಹುದು. ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹುಡುಕಿ ಆನ್ ಮಾಡಿ, ಪ್ಯಾಡ್ ಹೊಸದು ಬೇಡ. ಸೋಫಾದವರೆಗೆ ವೈರ್ ಸಾಲದೆ ಎಕ್ಸ್‌ಟೆನ್ಶನ್ ಮೇಲೆ ಎಕ್ಸ್‌ಟೆನ್ಶನ್ ಹಾಕಿದ್ದರೆ ಅದನ್ನೂ ತೆಗೆಯಿರಿ, ಪ್ಯಾಡ್ ಮಧ್ಯೆ ಮಧ್ಯೆ ಕಡಿದುಹೋಗೋಕೆ ಅದೇ ಕಾರಣ ಆಗುತ್ತೆ.

ಪ್ರಶ್ನೆ: ಹಳೇ ಗೇಮ್‌ಗಳನ್ನು ಪುಕ್ಕಟೆ ಇಳಿಸಿಕೊಂಡು ಆಡಬಹುದಾ?

ಉತ್ತರ: ಎಮ್ಯುಲೇಟರ್, ಅಂದರೆ ಕಂಪ್ಯೂಟರನ್ನು ಹಳೇ ಗೇಮ್ ಯಂತ್ರದ ಹಾಗೆ ನಡೆಸುವ ಪ್ರೋಗ್ರಾಂ, ಇಟ್ಟುಕೊಳ್ಳೋದು ಬೇರೆ, ಹಕ್ಕು ಬೇರೆಯವರಿಗಿರುವ ಗೇಮ್ ಇಳಿಸಿಕೊಳ್ಳೋದು ಬೇರೆ. ಗೇಮ್ ಹಳೆಯದಾದ ಮಾತ್ರಕ್ಕೆ ಅದರ ಹಕ್ಕು ಹೋಗಲ್ಲ, ಅಂಥವನ್ನು ನಾನು ಹೇಳಿಕೊಡಲ್ಲ. ಆದರೆ ಆ ಹಳೇ ಯಂತ್ರಗಳಿಗೇ ಅಂತ ಇವತ್ತಿಗೂ ಹೊಸ ಗೇಮ್ ಬರೆಯುವವರು ಇದ್ದಾರೆ, ಹೋಮ್‌ಬ್ರೂ ಅಂತಾರೆ. ಎಷ್ಟೋ ಜನ ಅವನ್ನು ಪುಕ್ಕಟೆ ಕೊಡುತ್ತಾರೆ, ಕೆಲವರು ಸ್ವಲ್ಪ ದುಡ್ಡು ಕೇಳುತ್ತಾರೆ. ಹಕ್ಕಿರುವವರೇ ಹೊರತಂದಿರುವ ಹಳೇ ಗೇಮ್‌ಗಳ ಕಟ್ಟುಗಳೂ ಸಿಗುತ್ತವೆ. ಇವುಗಳಲ್ಲೇ ಆಡಿ ಮುಗಿಸಲಾಗದಷ್ಟು ಇದೆ.

ಪ್ರಶ್ನೆ: ನಾನು ಗೇಮ್ ಆಡಲ್ಲ. ಹಾರ್ಮೋನಿಯಂ ಕಲಿಸ್ತೀನಿ. ಕಂಪ್ಯೂಟರಿನಲ್ಲಿ ಸ್ವರಲಿಪಿ ತೆರೆದು ನುಡಿಸುವಾಗ ಪುಟ ತಿರುಗಿಸೋಕೆ ಮೌಸ್ ಹುಡುಕಬೇಕು. ಮಗನ ಪ್ಯಾಡ್ ಮೂಲೆಯಲ್ಲಿ ಬಿದ್ದಿದೆ, ಅದರಿಂದ ಆಗುತ್ತಾ?

ಉತ್ತರ: ಆಗುತ್ತೆ! ಈ ಪತ್ರ ಓದಿ ಬಹಳ ಸಂತೋಷವಾಯಿತು. ಆಂಟಿಮೈಕ್ರೋಎಕ್ಸ್ ಅಂತ ಒಂದು ಪ್ರೋಗ್ರಾಂ ಇದೆ, ಪುಕ್ಕಟೆ, ವಿಂಡೋಸಿಗೂ ಲಿನಕ್ಸಿಗೂ ಸಿಗುತ್ತೆ. ವಿಂಡೋಸಿನಲ್ಲಿ ಜಾಯ್‌ಟುಕೀ ಅನ್ನೋದೂ ಇದೆ. ಎರಡೂ ಮಾಡೋದು ಒಂದೇ, ಪ್ಯಾಡಿನ ಬಟನ್ ಒತ್ತಿದರೆ ಕೀಬೋರ್ಡಿನ ಕೀ ಒತ್ತಿದ ಹಾಗೆ ಕಂಪ್ಯೂಟರಿಗೆ ಹೇಳೋದು. ಬಲಗಡೆ ದೊಡ್ಡ ಬಟನ್ನಿಗೆ ಪೇಜ್ ಡೌನ್ ಕೊಡಿ, ಪಕ್ಕದ್ದಕ್ಕೆ ಪೇಜ್ ಅಪ್. ಉಳಿದ ಬಟನ್‌ಗಳಿಗೆ ಏನೂ ಕೊಡಬೇಡಿ, ಕೈ ತಾಗಿದರೂ ಏನೂ ಆಗಬಾರದು ನೋಡಿ.

ಆಮೇಲೆ ಪ್ಯಾಡನ್ನು ಹಾರ್ಮೋನಿಯಂ ಮೇಲೆ, ತಿದಿ ಒತ್ತುವ ಕೈಗೆ ಅಡ್ಡ ಬರದ ಹಾಗೆ, ಎರಡು ಬದಿಗೂ ಅಂಟುವ ಟೇಪಿನಿಂದ ಕೂರಿಸಿ. ಸ್ವರ ನುಡಿಸುವ ಕೈ ಒಂದು ಕ್ಷಣ ಬಿಡುವಾಗುವ ಕಡೆ, ಅಂದರೆ ಪಲ್ಲವಿ ಮುಗಿದು ಉಸಿರು ತಗೊಳ್ಳುವ ಜಾಗದಲ್ಲಿ ಪುಟ ಮುಗಿಯುವ ಹಾಗೆ ಸ್ವರಲಿಪಿಯನ್ನು ಜೋಡಿಸಿಕೊಂಡರೆ, ಒಂದು ಸಲ ಬಟನ್ ಮುಟ್ಟಿದರೆ ಸಾಕು. ಮಗನಿಗೆ ಪ್ಯಾಡ್ ವಾಪಸ್ ಬೇಕಾದಾಗ ಆ ಪ್ರೋಗ್ರಾಂ ಮುಚ್ಚೋದು ಮರೀಬೇಡಿ, ಇಲ್ಲದಿದ್ದರೆ ಆಟದ ಮಧ್ಯೆಯೂ ಅದು ಪುಟ ತಿರುಗಿಸ್ತಾನೇ ಇರುತ್ತೆ.